ಸೂಜಿ ಪರೀಕ್ಷೆ ಆದ ಮೇಲೂ ಬಯಾಪ್ಸಿ ಏಕೆ?



ನೆರವಿನ ಅರ್ಜಿಗಳನ್ನು ನೋಡುವಾಗ ಕೆಲವರು ಕೇಳುವುದುಂಟು: "ಗಂಟಿಗೆ ಸೂಜಿ ಹಾಕಿ ನೋಡಿದ್ದಾರಲ್ಲ, ಮತ್ತೆ ಬಯಾಪ್ಸಿಗೆ ದುಡ್ಡು ಯಾಕೆ?" ಪ್ರಶ್ನೆ ನ್ಯಾಯವಾದದ್ದೇ.

ತಲೆ, ಮುಖ, ಕುತ್ತಿಗೆಯ ಮೇಲೆ ನೋವಿಲ್ಲದೆ ನಿಧಾನವಾಗಿ ಬೆಳೆಯುವ ಗಂಟನ್ನು ನಾವೆಲ್ಲ ಕೊಬ್ಬಿನ ಗಂಟು ಎಂದು ಬಿಟ್ಟುಬಿಡುತ್ತೇವೆ. ಅಪರೂಪಕ್ಕೆ ಅದು ಬೆವರಿನ ಗ್ರಂಥಿಯಲ್ಲಿ ಹುಟ್ಟಿದ ಗಡ್ಡೆಯಾಗಿರುತ್ತದೆ. ಇವುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದವು, ಕೆಲವು ಮಾತ್ರ ಕ್ಯಾನ್ಸರ್. ಹೊರಗಿನಿಂದ ಎರಡೂ ಒಂದೇ ತರಹ ಕಾಣಬಹುದು.

ಎಫ್‌ಎನ್‌ಎಸಿ ಎಂಬ ಪರೀಕ್ಷೆಯಲ್ಲಿ ಸಣ್ಣ ಸೂಜಿಯಿಂದ (ಸಾಮಾನ್ಯವಾಗಿ 22ರಿಂದ 25 ಗೇಜ್) ಗಂಟಿನೊಳಗಿನ ಜೀವಕೋಶಗಳನ್ನು ಎಳೆದು, ಗಾಜಿನ ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ ನೋಡುತ್ತಾರೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ಭಯ ನಮ್ಮವರಲ್ಲಿ ಬಹಳ. ಹಾಗಾಗುವುದು ತೀರಾ ವಿರಳ.

ಕಾಂಡ್ರಾಯ್ಡ್ ಸಿರಿಂಗೋಮ ಎಂಬ ಗಡ್ಡೆಯನ್ನೇ ನೋಡಿ. 1961ರಲ್ಲಿ ಈ ಹೆಸರು ಬಂತು. ಗೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ಕೆನ್ನೇರಳೆ ಬಣ್ಣದ ನಾರುನಾರಾದ ಲೋಳೆ, ಅದರ ನಡುವೆ ಜೀವಕೋಶಗಳ ಗುಂಪು ಕಾಣುತ್ತದೆ. ತೊಡಕೆಂದರೆ, ಜೊಲ್ಲಿನ ಗ್ರಂಥಿಯ ಒಂದು ಗಡ್ಡೆಯೂ ಸ್ಲೈಡಿನಲ್ಲಿ ಹೀಗೆಯೇ ಇರುತ್ತದೆ. ಕೆನ್ನೆಯ ಗಂಟು ಚರ್ಮದಲ್ಲಿದೆಯೋ ಅದರ ಕೆಳಗಿದೆಯೋ ಎಂದು ಚೀಟಿಯಲ್ಲಿ ಬರೆಯದಿದ್ದರೆ ಲ್ಯಾಬಿನವರು ಏನು ತಾನೇ ಹೇಳಿಯಾರು? ಹೈಡ್ರಡಿನೋಮ ಎಂಬ ಇನ್ನೊಂದು ಗಡ್ಡೆಯಲ್ಲಿ ತಿಳಿಯಾದ ಜೀವಕೋಶಗಳಿರುತ್ತವೆ. ಮೂತ್ರಪಿಂಡದ ಕ್ಯಾನ್ಸರ್ ಚರ್ಮಕ್ಕೆ ಹರಡಿದಾಗಲೂ ಅಂಥವೇ ಕಾಣಬಹುದು.

ಇದಕ್ಕಿಂತ ದೊಡ್ಡ ಮಿತಿ ಬೇರೆಯಿದೆ. ಸೂಜಿಯಲ್ಲಿ ಬರುವುದು ಬಿಡಿ ಜೀವಕೋಶಗಳು. ಗಡ್ಡೆ ಅಂಚು ದಾಟಿ ಸುತ್ತಲಿನ ಭಾಗಕ್ಕೆ ನುಗ್ಗಿದೆಯೇ, ಪೂರ್ತಿ ತೆಗೆದಾಯಿತೇ ಎಂಬುದು ತೆಗೆದ ಗಡ್ಡೆಯನ್ನೇ ಪರೀಕ್ಷಿಸಿದಾಗ ಗೊತ್ತಾಗುತ್ತದೆ. ಸ್ವಲ್ಪ ಉಳಿದರೂ ಅದು ಮತ್ತೆ ಬೆಳೆಯಬಹುದು. ಸಣ್ಣ ಕ್ಲಿನಿಕ್‌ನಲ್ಲಿ ಕೊಯ್ಯಿಸಿಕೊಂಡು ಗಡ್ಡೆಯನ್ನು ಬಿಸಾಡಿಸಿದರೆ ಈ ಉತ್ತರ ಶಾಶ್ವತವಾಗಿ ಕೈತಪ್ಪುತ್ತದೆ.

ಸಿಲ್ಲೋಡ್‌ನಲ್ಲಿರುವ ನಮ್ಮ ಕುಟುಂಬಗಳಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು ಸುಮಾರು 65 ಕಿ.ಮೀ. ದೂರದ ಛತ್ರಪತಿ ಸಂಭಾಜಿನಗರದಲ್ಲಿ. ಎಲ್ಲರೂ ಘಾಟಿ ಎಂದು ಕರೆಯುವ ಆಸ್ಪತ್ರೆ ಅದು. ತೋರಿಸಲು ಒಂದು ದಿನ, ವರದಿಗೆ ಇನ್ನೊಂದು ದಿನ. ದಿನಗೂಲಿಯವರಿಗೆ ಪರೀಕ್ಷೆಯ ಶುಲ್ಕಕ್ಕಿಂತ ಈ ಓಡಾಟವೇ ಭಾರ. ಎರಡನೆಯ ಸಲ ಹೋಗದೆ ಉಳಿದುಬಿಡುವುದು ಇದರಿಂದಲೇ.

ಈ ಬಾರಿ ನಿಮ್ಮ ದೇಣಿಗೆಯನ್ನು ಬಯಾಪ್ಸಿ ವೆಚ್ಚ, ಬಸ್ ಚಾರ್ಜು ಮತ್ತು ಜೊತೆಗೆ ಹೋಗುವವರ ಊಟಕ್ಕೆಂದೇ ಕೇಳುತ್ತಿದ್ದೇವೆ. ನೆರವು ಬೇಕಾದವರು ಹಳೆಯ ವರದಿಯ ಜೊತೆ ಸ್ಲೈಡುಗಳನ್ನೂ ಲ್ಯಾಬಿನಿಂದ ಕೇಳಿ ಪಡೆದು ತನ್ನಿ.