ಓದುವುದನ್ನು ಕಲಿಸಿದವರು

ಕಾಲೇಜು ಶುರುವಾದ ಮೊದಲ ವಾರ ಹೊಸ ವಿದ್ಯಾರ್ಥಿಗಳನ್ನೆಲ್ಲ ಸಭಾಂಗಣದಲ್ಲಿ ಕೂಡಿಸಿ ಕಾರ್ಯಾಗಾರ ನಡೆಸುವುದು ಈಗ ಎಲ್ಲೆಡೆ ರೂಢಿ. ಹೇಗೆ ಓದಬೇಕು, ಟಿಪ್ಪಣಿ ಹೇಗೆ ಮಾಡಿಕೊಳ್ಳಬೇಕು, ನಪಾಸಾದರೆ ಧೈರ್ಯ ಹೇಗೆ ಉಳಿಸಿಕೊಳ್ಳಬೇಕು ಎಂದು ಪಿಪಿಟಿ ಹಚ್ಚಿ ಹೇಳುತ್ತಾರೆ. 2019ರಲ್ಲಿ ಯುಜಿಸಿ ‘ದೀಕ್ಷಾರಂಭ’ ಮಾರ್ಗದರ್ಶಿ ಹೊರತಂದ ಮೇಲೆ ಇದಕ್ಕೆ ಸರಕಾರಿ ಮುದ್ರೆಯೂ ಬಿದ್ದಿದೆ. ಬೆಳಗಾವಿ ಜಿಲ್ಲೆಯ ಮಹಾರಾಷ್ಟ್ರ ಗಡಿಗೆ ಹತ್ತಿರದ ಬೇಡಕಿಹಾಳದ ಸುತ್ತಲಿನ ದೂಧಗಂಗಾ ಸೀಮೆಯಲ್ಲಿ ಈ ಕೆಲಸಕ್ಕೆ ನೂರು ವರ್ಷದ ಹಿಂದಿನ ಬೇರುಂಟು. ಇಲ್ಲಿ ಅದು ಮೊದಲಾದದ್ದು ಊಟ-ವಸತಿಯಿಂದ.

1956ರವರೆಗೆ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಾಲೇಜು ಓದಬೇಕೆಂದರೆ ಕೊಲ್ಹಾಪುರದ ರಾಜಾರಾಮ, ಸಾಂಗಲಿಯ ವಿಲಿಂಗ್ಡನ್ ಅಥವಾ ಪುಣೆ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ, ಬೆಳಗಾವಿಯಲ್ಲಿ ಕೆಎಲ್‌ಇಯ ಲಿಂಗರಾಜ ಕಾಲೇಜು 1933ರಲ್ಲಿ. ಒಕ್ಕಲುತನದ ಮನೆಯ ಹುಡುಗನಿಗೆ ಫೀಗಿಂತ ಮೊದಲು ಎದುರಾಗುತ್ತಿದ್ದ ಪ್ರಶ್ನೆ: ಚಾಪೆ ಹಾಸುವುದೆಲ್ಲಿ? ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ 1901ರಲ್ಲಿ ಮರಾಠಾ ಬೋರ್ಡಿಂಗ್ ತೆರೆಸಿದರು. ಜೈನ, ಲಿಂಗಾಯತ, ಮುಸ್ಲಿಂ ವಿದ್ಯಾರ್ಥಿಗಳಿಗೂ ಬೋರ್ಡಿಂಗುಗಳಾದವು. ಇತ್ತ ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಪ್ರಸಾದನಿಲಯಗಳು ಬಡಮಕ್ಕಳ ಹೊಟ್ಟೆ ನೋಡಿಕೊಂಡವು.

ಈ ಕಥೆಯಲ್ಲಿ ನಡುಮನೆಯ ಮನುಷ್ಯ ಭಾವೂರಾವ್ ಪಾಟೀಲರು. 1887ರಲ್ಲಿ ಹುಟ್ಟಿದ್ದು ಗಡಿಯಾಚೆಯ ಕುಂಭೋಜದಲ್ಲಿ. ಮನೆತನದ ಮೂಲ ಮೂಡುಬಿದಿರೆ ಎನ್ನುತ್ತಾರೆ. ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದಾಗ ಅಸ್ಪೃಶ್ಯ ಮಕ್ಕಳ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದರು. ಬಂದವರು ಮೈಲಿಗೆ ಕಳೆದುಕೊಳ್ಳಲು ಸ್ನಾನ ಮಾಡುವುದಿಲ್ಲ ಎಂದರು. ಬೋರ್ಡಿಂಗಿನಿಂದ ಹೊರಬಿದ್ದರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುವ ಬೋರ್ಡಿಂಗ್ ನಡೆಸಿದರು. ಅಡುಗೆ, ಹೊಲದ ಕೆಲಸ ಮಕ್ಕಳದ್ದೇ. 1947ರಲ್ಲಿ ಸಾತಾರೆಯ ಛತ್ರಪತಿ ಶಿವಾಜಿ ಕಾಲೇಜು ‘ದುಡಿದು ಕಲಿ’ ಎಂಬ ಪದ್ಧತಿಯ ಮೇಲೇ ನಿಂತಿತು. ಮಧ್ಯಾಹ್ನ ಸಲಿಕೆ ಹಿಡಿದ ಕೈಯೇ ಸಂಜೆ ಪುಸ್ತಕ ಹಿಡಿಯುವಾಗ ‘ಇದು ನಮ್ಮಂಥವರಿಗಲ್ಲ’ ಎನ್ನುವ ಅಳುಕು ತಾನಾಗಿ ಸಡಿಲುತ್ತದೆ. ಇಂದಿನ ಸಂಪನ್ಮೂಲ ವ್ಯಕ್ತಿಗಳು ಒಂದೂವರೆ ತಾಸಿನಲ್ಲಿ ಸಾಧಿಸಹೊರಟಿರುವುದೂ ಇದನ್ನೇ.

ಪಿಪಿಟಿಯಲ್ಲಿ ಬರುವ ಸೂತ್ರಗಳ ವಂಶವೇ ಬೇರೆ. 1885ರಲ್ಲಿ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಲು ಭರದಿಂದಲೂ ಆಮೇಲೆ ನಿಧಾನವಾಗಿಯೂ ಬರುತ್ತದೆಂದು ತೋರಿಸಿದ. 1946ರಲ್ಲಿ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಾಬಿನ್ಸನ್ ಐದು ಹೆಜ್ಜೆಯ ಕ್ರಮ ಹೇಳಿದ: ಕಣ್ಣಾಡಿಸು, ಪ್ರಶ್ನೆ ಹಾಕಿಕೊ, ಓದು, ಪುಸ್ತಕ ಮುಚ್ಚಿ ಹೇಳು, ಮತ್ತೆ ನೋಡು. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ಮೇಲಿನ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರು ಒಂದು ವಾರದ ನಂತರ ಅವರನ್ನು ಹಿಂದೆ ಹಾಕಿದರು. ಪರೀಕ್ಷೆಯ ಹಿಂದಿನ ರಾತ್ರಿ ಗೈಡು ಹಿಡಿದು ಗಟ್ಟು ಹೊಡೆಯುವವರು ತಮ್ಮ ಓದನ್ನು ಯಾಕೆ ಅಷ್ಟು ನಂಬುತ್ತಾರೆ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ.

ಅದೇ 2006ರಲ್ಲಿ ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ ಅವರ ಪುಸ್ತಕ ‘ಮೈಂಡ್‌ಸೆಟ್’ ಬಂತು. ಬುದ್ಧಿ ಹಣೆಬರಹವಲ್ಲ, ದುಡಿಮೆಯಿಂದ ಬೆಳೆಯುವಂಥದ್ದು ಎಂಬ ಅವರ ಮಾತು ಕಾರ್ಯಾಗಾರಗಳ ಮಂತ್ರವಾಯಿತು. 2019ರಲ್ಲಿ ಅಮೆರಿಕದ 65 ಹೈಸ್ಕೂಲುಗಳ ಸುಮಾರು 12 ಸಾವಿರ ಮಕ್ಕಳ ಮೇಲೆ ನಡೆದ ಅಧ್ಯಯನ ಇದನ್ನು ಒರೆಗೆ ಹಚ್ಚಿತು. ಹಿಂದುಳಿದ ಮಕ್ಕಳ ಅಂಕ ಏರಿತು ನಿಜ, ಆದರೆ ತೀರಾ ಸ್ವಲ್ಪ. ಕಷ್ಟದ ಲೆಕ್ಕಕ್ಕೆ ಕೈಹಾಕುವುದನ್ನು ಗೆಳೆಯರೂ ಮೆಚ್ಚುವ ಶಾಲೆಗಳಲ್ಲಿ ಪರಿಣಾಮ ಹೆಚ್ಚು ಕಂಡಿತು. ಬೋರ್ಡಿಂಗು ಕೊಡುತ್ತಿದ್ದುದು ಅಂಥ ಗೆಳೆಯರನ್ನೇ ಅಲ್ಲವೆ?

ಈಗ ಬೋರ್ಡಿಂಗಿನ ಜಾಗಕ್ಕೆ ಬಸ್ ಪಾಸು ಬಂದಿದೆ. ಕಾಲೇಜುಗಳು ಹತ್ತಿರವಾದವು, ನಿಪ್ಪಾಣಿಗೆ ಹೊಂದಿಕೊಂಡಿರುವ ಅರ್ಜುನನಗರದ ದೇವಚಂದ ಕಾಲೇಜಂತೂ ಮಹಾರಾಷ್ಟ್ರದ ನೆಲದಲ್ಲಿದ್ದು ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಗಡಿಯ ಈಚೆಯ ಪದವಿ ಕಾಲೇಜುಗಳಿಗೆ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಎರಡೂ ಕಡೆ ತೊಡಕು ಒಂದೇ. ಕನ್ನಡದಲ್ಲೋ ಮರಾಠಿಯಲ್ಲೋ ಹತ್ತನೆಯ ತರಗತಿ ಮುಗಿಸಿದವರ ಕೈಗೆ ಇಂಗ್ಲಿಷ್ ಪುಸ್ತಕ ಕೊಟ್ಟು ‘ಪ್ರಶ್ನೆ ಹಾಕಿಕೊಂಡು ಓದು’ ಎಂದರೆ ರಾಬಿನ್ಸನ್ನನ ಎರಡನೆಯ ಹೆಜ್ಜೆಯಲ್ಲೇ ಮುಗ್ಗರಿಸುತ್ತಾರೆ. ಪ್ರಶ್ನೆ ಮನೆಮಾತಿನಲ್ಲಿರಲಿ, ಉತ್ತರವನ್ನು ಮೊದಲು ಅದೇ ಮಾತಿನಲ್ಲಿ ಗೆಳೆಯನಿಗೆ ಹೇಳಲಿ, ಇಂಗ್ಲಿಷಿನಲ್ಲಿ ಬರೆಯುವುದು ಆಮೇಲೆ.

ಇದಕ್ಕೆ ಹೊರಗಿನ ಭಾಷಣಕಾರರು ಬೇಕಿಲ್ಲ. ಹೋದ ವರ್ಷ ಅದೇ ವಿಷಯದಲ್ಲಿ ಬ್ಯಾಕ್ ಉಳಿದು ಈ ವರ್ಷ ಪಾಸಾದ ಅಕ್ಕನೋ ಅಣ್ಣನೋ ಇದ್ದರಾಯಿತು. ಉಳಿದದ್ದು ಒಂದು ಕೋಣೆಯ ಬೀಗವನ್ನು ಸಂಜೆ ಆರರ ತನಕ ತೆಗೆದಿಡುವ ಮಾತು, ಮತ್ತು ಆ ಮೇಲೆ ಊರಿಗೆ ಒಂದು ಬಸ್ಸು.