ನಾವು ಕೊಟ್ಟ ಟಿಪ್ ಯಾರ ಜೇಬಿಗೆ ಹೋಯ್ತು?

ನಾನು ಕಟಿಂಗ್ ಮಾಡಿಸೋ ಸಲೂನ್ ನಮ್ಮ ಹಿಂದಿನ ಗೇಟ್ ಹತ್ರ ಇದೆ. ಮೂರು ಕುರ್ಚಿ, ಮೂರು ಜನ ಕೆಲಸದವರು. ಓನರ್ ಬಾಗಿಲ ಹತ್ರ ಟೇಬಲ್ ಹಾಕ್ಕೊಂಡು ಕೂತಿರ್ತಾರೆ. ಫಸ್ಟ್ ಇಯರ್‌ನಿಂದ ನನ್ನ ತಲೆ ರಾಯಚೂರು ಕಡೆಯ ಒಬ್ಬ ಅಣ್ಣನ ಕೈಯಲ್ಲೇ ಇದೆ. ಕಟಿಂಗ್‌ಗೆ 120 ರೂಪಾಯಿ. ನಾನು ಪ್ರತಿ ಸಲ ಗೋಡೆ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿ 150 ಹಾಕ್ತಿದ್ದೆ, 30 ಅಣ್ಣನಿಗೆ ಅಂತ. ಸೌಂಡ್‌ಬಾಕ್ಸ್ 'ನೂರಾ ಐವತ್ತು ರೂಪಾಯಿ' ಅಂತ ಜೋರಾಗಿ ಕೂಗೋದು. ನಾನು ದೊಡ್ಡ ಮನುಷ್ಯನ ಥರ ಹೊರಗೆ ಬರ್ತಿದ್ದೆ.

ಹೋದ ತಿಂಗಳು ಓನರ್ ಊಟಕ್ಕೆ ಹೋಗಿದ್ದಾಗ ಸುಮ್ಮನೆ ಕೇಳಿದೆ: "ಅಣ್ಣಾ, ನಾನು ಎಕ್ಸ್‌ಟ್ರಾ ಹಾಕೋದು ನಿಮಗೆ ಸಿಗುತ್ತೆ ಅಲ್ವಾ?" ಅವರು ಕನ್ನಡಿಯಲ್ಲೇ ನನ್ನ ನೋಡಿ ನಕ್ಕರು. "ಡಬ್ಬಿ ಕೂಗೋದು ಕೇಳಸ್ತದ್ರೀ. ಸಿಗಂಗಿಲ್ಲ."

ಸುಮಾರು 15 ಕಟಿಂಗ್, 450 ರೂಪಾಯಿ. ನನಗೆ ಅದು ಎರಡು ಬಿರಿಯಾನಿ. ಅವರಿಗೆ ಏನು ಅಂತ ಆಮೇಲೆ ಗೊತ್ತಾಯ್ತು. ಅವರಿಗೆ ಸಂಬಳ ಅಂತ ಇಲ್ಲ, ಮಾಡಿದ ಕೆಲಸದಲ್ಲಿ ಅರ್ಧ. ನನ್ನ ಕಟಿಂಗ್‌ನಿಂದ ಅವರಿಗೆ 60 ರೂಪಾಯಿ. ರಾತ್ರಿ ಲೆಕ್ಕ ಮಾಡುವಾಗ ಓನರ್ ನೋಡೋದು ನೋಟ್‌ಬುಕ್‌ನಲ್ಲಿರೋ 'ಕಟಿಂಗ್ ಎಷ್ಟು, ಶೇವಿಂಗ್ ಎಷ್ಟು' ಅನ್ನೋದನ್ನ. ನನ್ನ 30 ಆ ನೋಟ್‌ಬುಕ್‌ನಲ್ಲಿ ಎಲ್ಲೂ ಇಲ್ಲ. ಅಂದರೆ ಅವರಿಗೆ ಅರ್ಧ ತಲೆಯ ಕೂಲಿಯಷ್ಟು ದುಡ್ಡನ್ನ ನಾನು ಪ್ರತಿ ತಿಂಗಳು ಓನರ್‌ಗೆ ಉಡುಗೊರೆ ಕೊಡ್ತಿದ್ದೆ.

ಓನರ್ ಕದ್ದರು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ದಿನದ ಕೊನೆಗೆ ಅವರ ಫೋನ್‌ನಲ್ಲಿ ಕಾಣೋದು 150 ಅನ್ನೋ ಒಂದು ಸಂಖ್ಯೆ, ಅಷ್ಟೇ. ಆ ಕ್ಯೂಆರ್ ಡಿಕೋಡ್ ಮಾಡಿ ನೋಡಿ, ಒಂದು ಉದ್ದನೆಯ ಲಿಂಕ್ ಸಿಗುತ್ತೆ. ಅದರಲ್ಲಿ 'ಪಿಎ' ಅಂದರೆ ದುಡ್ಡು ಸೇರಬೇಕಾದ ಯುಪಿಐ ವಿಳಾಸ, 'ಪಿಎನ್' ಅಂದರೆ ಹೆಸರು, 'ಎಎಮ್' ಅಂದರೆ ಮೊತ್ತ. ಗೋಡೆಗೆ ಅಂಟಿಸಿದ ಕ್ಯೂಆರ್‌ನಲ್ಲಿ ಮೊತ್ತ ಖಾಲಿ ಇರುತ್ತೆ, ನಾವೇ ತುಂಬಬೇಕು. ವಿಳಾಸ ಒಂದೇ, ಮೊತ್ತ ಒಂದೇ. ಇದರಲ್ಲಿ ಇಷ್ಟು ಕೂಲಿ, ಇಷ್ಟು ಟಿಪ್ ಅಂತ ಒಡೆದು ಹೇಳೋಕೆ ಜಾಗವೇ ಇಲ್ಲ. ನೋಟ್ ಕಾಲಂನಲ್ಲಿ 'ಟಿಪ್' ಅಂತ ಬರೆದ್ರೂ ದುಡ್ಡು ಹೋಗೋದು ಅದೇ ಅಕೌಂಟಿಗೆ.

ತಮಾಷೆ ಅಂದ್ರೆ ಟಿಪ್ ಬಗ್ಗೆ ಯೋಚನೆ ಮಾಡಿದವರೂ ಇದ್ದಾರೆ. ಭಾರತ್ ಕ್ಯೂಆರ್‌ಗೆ ಆಧಾರವಾಗಿರೋ ಇಎಂವಿಕೋ ಸ್ಟ್ಯಾಂಡರ್ಡ್‌ನಲ್ಲಿ 55ನೇ ಫೀಲ್ಡ್ ಟಿಪ್‌ಗೆ ಅಂತಲೇ ಇದೆ. ಅಲ್ಲಿ 01 ಇದ್ದರೆ ಆ್ಯಪ್ ಗ್ರಾಹಕನಿಗೆ ಟಿಪ್ ಎಷ್ಟು ಅಂತ ಕೇಳಬೇಕು. ಆದರೆ ಆ ಟಿಪ್ ಕೂಡ ಸೇರೋದು ಅಂಗಡಿಯವನ ಖಾತೆಗೇ.

ಹಿಂದೆ ಈ ತೊಂದರೆ ಇರಲಿಲ್ಲ. ಅಪ್ಪ 'ಚಿಲ್ಲರೆ ಇಟ್ಕೊಳ್ಳಪ್ಪ' ಅಂತ ಕೊಟ್ಟ ಹತ್ತು ರೂಪಾಯಿ ಕೈಯಿಂದ ಕೈಗೆ ಹೋಗಿ ಸೀದಾ ಜೇಬು ಸೇರ್ತಿತ್ತು. ಬಕ್ಷೀಸು ಅನ್ನೋದು ಪರ್ಷಿಯನ್‌ನಿಂದ ಬಂದ ಪದ, ಮೂಲದಲ್ಲಿ ಕೊಡುಗೆ ಅಂತಲೇ ಅರ್ಥ. ಕೊಡುಗೆ ಅಂದ ಮೇಲೆ ಯಾರಿಗೆ ಅನ್ನೋದು ಗೊತ್ತಿರಬೇಕಲ್ವಾ? ನೋಟಿನಲ್ಲಿ ಅದನ್ನ ಕೊಡೋ ಕೈಯೇ ತೀರ್ಮಾನ ಮಾಡ್ತಿತ್ತು.

ಎಂಎಸ್‌ಗೆ ಅಂತ ಅಮೆರಿಕಕ್ಕೆ ಹೋದ ಸೀನಿಯರ್‌ಗಳನ್ನ ಕೇಳಿ, ಅಲ್ಲಿ ಕಟಿಂಗ್‌ಗೂ ಶೇಕಡಾ 15ರಿಂದ 20 ಟಿಪ್ ಕೊಡೋದು ರೂಢಿ, ಜೀವ ಹೋಗುತ್ತೆ ಅಂತಾರೆ. ಅದಕ್ಕೊಂದು ಕಾರಣ ಇದೆ. ಅಲ್ಲಿನ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಆದರೆ ಟಿಪ್ ಸಿಗೋ ಕೆಲಸವಾದರೆ ಮಾಲೀಕ ಬರೀ 2.13 ಡಾಲರ್ ಕೊಟ್ಟು, ಉಳಿದದ್ದನ್ನ ಟಿಪ್‌ನಲ್ಲಿ ಸರಿದೂಗಿಸಬಹುದು. 2.13 ಅನ್ನೋ ಈ ಅಂಕಿ 1991ರಿಂದ ಬದಲಾಗಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಇದನ್ನ ಒಪ್ಪಲ್ಲ, ಅಲ್ಲಿ ಪೂರ್ತಿ ಕೂಲಿ ಕೊಡಲೇಬೇಕು. ಈ ವ್ಯವಸ್ಥೆ ನನಗೆ ಒಂಚೂರೂ ಇಷ್ಟ ಆಗಲಿಲ್ಲ, ಸಂಬಳ ಕೊಡೋ ಭಾರವನ್ನ ಗಿರಾಕಿ ತಲೆ ಮೇಲೆ ಹಾಕಿದ ಹಾಗೆ. ಆದರೆ ಒಂದು ವಿಷಯದಲ್ಲಿ ಅವರು ನಮಗಿಂತ ಸ್ಪಷ್ಟ: 2018ರ ತಿದ್ದುಪಡಿ ಪ್ರಕಾರ ಕೆಲಸದವರ ಟಿಪ್ ಅನ್ನು ಮಾಲೀಕ ಇಟ್ಕೊಳ್ಳೋ ಹಾಗಿಲ್ಲ. ಬ್ರಿಟನ್‌ನಲ್ಲೂ ಇಂಥದ್ದೇ ಕಾಯ್ದೆ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಕಾರ್ಡ್‌ನಲ್ಲಿ ಕೊಟ್ಟ ಟಿಪ್ಪೂ ಪೂರ್ತಿ ಕೆಲಸದವರಿಗೇ ಹೋಗಬೇಕು.

ನಮ್ಮಲ್ಲಿ ಗಲಾಟೆ ಆಗಿದ್ದು ಹೋಟೆಲ್ ಬಿಲ್‌ನ ಸರ್ವಿಸ್ ಚಾರ್ಜ್ ಮೇಲೆ. ಅದನ್ನ ಕಡ್ಡಾಯ ಮಾಡೋ ಹಾಗಿಲ್ಲ ಅಂತ 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಅದು ಗಿರಾಕಿಯ ಹಕ್ಕಿನ ಮಾತು. ಕೆಲಸದವರ ಕಡೆಯಿಂದ ನೋಡಿದರೆ ನನಗೆ ಇಷ್ಟ ಆಗಿದ್ದು 2016ರ ಸುಪ್ರೀಂ ಕೋರ್ಟ್ ತೀರ್ಪು. ಐಟಿಸಿ ಮತ್ತು ಆದಾಯ ತೆರಿಗೆ ಇಲಾಖೆ ನಡುವಿನ ಕೇಸ್. ಗಿರಾಕಿಗಳು ಕಾರ್ಡ್‌ನಲ್ಲಿ ಕೊಟ್ಟ ಟಿಪ್ ಅನ್ನು ಹೋಟೆಲ್ ಸಂಗ್ರಹಿಸಿ ಸಿಬ್ಬಂದಿಗೆ ಹಂಚುತ್ತಿತ್ತು. ಅದು ಸಂಬಳವಾ, ಟಿಡಿಎಸ್ ಹಿಡೀಬೇಕಾ ಅನ್ನೋದು ಪ್ರಶ್ನೆ. ಸಂಬಳ ಅಲ್ಲ ಅಂತು ಕೋರ್ಟ್. ಅದು ಗಿರಾಕಿಯಿಂದ ಸಿಬ್ಬಂದಿಗೆ ಬಂದ ದುಡ್ಡು, ಹೋಟೆಲ್ ಅದನ್ನ ಅವರ ಪರವಾಗಿ ನಂಬಿಕೆ ಮೇಲೆ ಇಟ್ಕೊಂಡಿರುತ್ತೆ ಅಷ್ಟೇ ಅನ್ನೋದು ಅದರ ಸಾರ. ತೆರಿಗೆ ಕೇಸ್ ಆದ್ದರಿಂದ ನಮ್ಮ ಗೇಟ್ ಹತ್ರದ ಸಲೂನ್‌ಗೆ ನೇರವಾಗಿ ಅನ್ವಯ ಆಗಲ್ಲ. ಆದರೂ ಗೋಡೆ ಮೇಲಿನ ಕ್ಯೂಆರ್ ನೋಡಿದಾಗೆಲ್ಲ ನನಗೆ ಈ ಮಾತು ನೆನಪಾಗುತ್ತೆ. ಯುಪಿಐ ಶುರುವಾಗಿದ್ದೂ ಅದೇ 2016ರಲ್ಲಿ.

ಹಾಗಾದ್ರೆ ಅಣ್ಣನ ನಂಬರಿಗೇ ಹಾಕಿಬಿಡೋಣ ಅಂತ ಕೇಳಿದೆ. ಬೇಡ ಅಂದ್ರು. ಗಿರಾಕಿಗೆ ನಂಬರ್ ಕೊಟ್ಟರೆ 'ಇವನು ಹೊರಗಡೆ ಕೆಲಸ ಹಿಡೀತಿದ್ದಾನೆ' ಅಂತ ಓನರ್‌ಗೆ ಅನುಮಾನ ಬರುತ್ತಂತೆ.

ಈಗ ನನ್ನ ಫೋನ್ ಕವರ್ ಹಿಂದೆ ಮಡಚಿದ ನೋಟುಗಳಿವೆ. ಎಟಿಎಂ 500 ಬಿಟ್ಟು ಬೇರೆ ಕೊಡಲ್ಲ, ಅದಕ್ಕೇ ಕ್ಯಾಂಟೀನ್‌ನಲ್ಲಿ ಒಂದು ಟೀಗೆ 500 ಕೊಟ್ಟು ಬೈಸಿಕೊಂಡಿದ್ದೂ ಆಯ್ತು. ಹೋದ ಭಾನುವಾರ ಕಟಿಂಗ್ ಮುಗಿದು ಬಟ್ಟೆ ಬಿಚ್ಚುವಾಗ 30 ರೂಪಾಯಿ ಅಣ್ಣನ ಕೈಗೆ ಇಟ್ಟೆ. ಬಾಚಣಿಗೆ ಇಡೋ ಜೇಬಿಗೆ ಹಾಕ್ಕೊಂಡ್ರು, ಏನೂ ಮಾತಾಡಲಿಲ್ಲ. ಆಮೇಲೆ ಸ್ಕ್ಯಾನ್ ಮಾಡಿದೆ. ಸೌಂಡ್‌ಬಾಕ್ಸ್ 'ನೂರಾ ಇಪ್ಪತ್ತು ರೂಪಾಯಿ' ಅಂತು. ಓನರ್ ಪೇಪರ್‌ನಿಂದ ತಲೆ ಎತ್ತಿ ನನ್ನನ್ನೇ ನೋಡಿದ್ರು.