ಕೌಮಾರಭೃತ್ಯವೂ ತರುಣ ಸಂಶೋಧಕರ ಭೃತಿಯೂ

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದೆಂಬುದು ವಾಚಕರಿಗೆ ವಿದಿತವೇ ಆಗಿದೆ. ಶಿಶುಪೋಷಣ, ಧಾತ್ರೀಕ್ಷೀರದ ದೋಷಶೋಧನ, ಬಾಲವ್ಯಾಧಿಗಳ ಶಮನ ಮುಂತಾದುವು ಅದರ ವಿಷಯಗಳು. ಧಾರಣ ಪೋಷಣಗಳೆಂಬ ಅರ್ಥವುಳ್ಳ ಭೃಞ್ ಧಾತುವಿನಿಂದ ಈ ಶಬ್ದವು ನಿಷ್ಪನ್ನವಾದುದು. ಅದೇ ಧಾತುವಿನಿಂದ ಹುಟ್ಟಿದ ಭೃತಿ ಎಂಬ ಶಬ್ದವನ್ನು ಅಮರಸಿಂಹನು ವೇತನದ ಪರ್ಯಾಯಪದಗಳಲ್ಲಿ ಎಣಿಸಿದ್ದಾನೆ. ಮಗುವನ್ನು ಪೊರೆಯುವುದಕ್ಕೂ ಕೆಲಸಗಾರನನ್ನು ಪೊರೆಯುವುದಕ್ಕೂ ಒಂದೇ ಧಾತು ಸಾಕಾದುದು ಆಕಸ್ಮಿಕವಿರಬಹುದು. ಆದರೆ ನವಜಾತ ಶಿಶುಗಳ ವೈದ್ಯದ ಈಚಿನ ಚರಿತ್ರೆಯನ್ನು ನೋಡಿದರೆ, ಎರಡನೆಯದಿಲ್ಲದೆ ಮೊದಲನೆಯದು ಸಾಗಲಿಲ್ಲವೆಂಬುದು ಕಂಡುಬರುತ್ತದೆ. ಇದಕ್ಕೆ ಅಕಾಲಪ್ರಸವದ ಶಿಶುಗಳ ಶ್ವಾಸರೋಗವೊಂದೇ ಸಾಕಾದ ನಿದರ್ಶನ.

ತಿಂಗಳು ತುಂಬದೆ ಹುಟ್ಟಿದ ಶಿಶುಗಳಲ್ಲಿ ಕೆಲವು, ಕೆಲವೇ ಗಂಟೆಗಳಲ್ಲಿ ಏದುಸಿರು ಬಿಡತೊಡಗುವುವು. ಒಂದೊಂದು ಉಸಿರಿಗೂ ಪಕ್ಕೆಲುಬುಗಳ ನಡುವಣ ಚರ್ಮವು ಒಳಕ್ಕೆ ಸೆಳೆದುಕೊಳ್ಳುವುದು. ಹಿಂದೆ ಇಂತಹ ಶಿಶುಗಳು ಎರಡು ಮೂರು ದಿನಗಳಲ್ಲಿ ತೀರಿಕೊಳ್ಳುತ್ತಿದ್ದುವು. ಶವಪರೀಕ್ಷೆಯಲ್ಲಿ ಶ್ವಾಸಕೋಶದೊಳಗೆ ಗಾಜಿನಂತಹ ಪೊರೆಯೊಂದು ಕಾಣುತ್ತಿದ್ದುದರಿಂದ ಪಾಶ್ಚಾತ್ಯ ವೈದ್ಯರು ಇದನ್ನು ಹಯಲೀನ್ ಪೊರೆಯ ರೋಗವೆಂದು ಕರೆದರು. ಪೊರೆಯೇ ರೋಗಕಾರಣವೆಂದು ಬಹುಮಂದಿ ನಂಬಿದರು. ಕಾರ್ಯವನ್ನೇ ಕಾರಣವೆಂದು ಭ್ರಮಿಸುವ ಈ ದೋಷವು ತರ್ಕಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ಅಭಾವವನ್ನೂ ಒಂದು ಪದಾರ್ಥವೆಂದು ನಮ್ಮ ತಾರ್ಕಿಕರು ಎಣಿಸಿದ್ದಾರಷ್ಟೆ. ಇಲ್ಲಿ ಕೊಂದುದು ಅಭಾವವೇ.

ಅದು ಹೇಗೆಂದರೆ, ಶ್ವಾಸಕೋಶವು ಅಸಂಖ್ಯಾತವಾದ ಸಣ್ಣ ವಾಯುಕೋಶಗಳಿಂದಾದುದು. ಅವುಗಳ ಒಳಮೈಗೆ ನೀರಿನ ತೆಳುವಾದ ಲೇಪವಿರುವುದು. ನೀರಿನ ಮೇಲ್ಮೈಗೆ ತನ್ನನ್ನು ತಾನೇ ಕುಗ್ಗಿಸಿಕೊಳ್ಳುವ ಎಳೆತವುಂಟು. ಗುಳ್ಳೆಯು ಕಿರಿದಾದಷ್ಟೂ ಅದನ್ನು ತೆರೆದಿಡಲು ಹೆಚ್ಚಿನ ಒತ್ತಡ ಬೇಕು. ಹೀಗಿರಲಾಗಿ, ಉಸಿರು ಬಿಟ್ಟೊಡನೆ ವಾಯುಕೋಶಗಳು ಮುಚ್ಚಿಕೊಂಡುಬಿಡಬೇಕಾಗಿತ್ತು. ಹಾಗಾಗದಿರುವುದಕ್ಕೆ ಕಾರಣ, ಶ್ವಾಸಕೋಶವು ತಾನೇ ಸ್ರವಿಸುವ ಸರ್ಫ್ಯಾಕ್ಟಂಟ್ ಎಂಬ ಸ್ನಿಗ್ಧದ್ರವ್ಯ. ಇದು ಆ ಎಳೆತವನ್ನು ತಗ್ಗಿಸುವುದು. ಗರ್ಭವಾಸದ ಕಡೆಯ ವಾರಗಳಲ್ಲಿಯೇ ಇದು ಸಾಕಷ್ಟು ಸಿದ್ಧವಾಗುವುದು. ಆದಕಾರಣ ಬೇಗನೆ ಹುಟ್ಟಿದ ಮಗುವು ಒಂದೊಂದು ಉಸಿರನ್ನೂ ಮೊದಲನೆಯ ಉಸಿರಿನಷ್ಟೇ ಕಷ್ಟದಿಂದ ಎಳೆದುಕೊಳ್ಳಬೇಕಾಗುವುದು.

ಮೇಲ್ಮೈ ಎಳೆತದ ಪ್ರಭಾವವನ್ನು ಫಾನ್ ನೀರ್ಗಾರ್ಡನು 1929ರಲ್ಲಿಯೇ ತೋರಿಸಿದ್ದನು. ಯಾರೂ ಲಕ್ಷ್ಯಕ್ಕೆ ತರಲಿಲ್ಲ. ಅನಂತರ 1955ರಲ್ಲಿ ಇಂಗ್ಲೆಂಡಿನ ಪ್ಯಾಟ್ಲ್, 1957ರಲ್ಲಿ ಅಮೆರಿಕದ ಕ್ಲೆಮೆಂಟ್ಸ್ ಆ ದ್ರವ್ಯದ ಗುಣಗಳನ್ನು ಹೊರಗೆಡಹಿದರು. ಸೋಜಿಗವೇನೆಂದರೆ, ಇಬ್ಬರೂ ಸೈನ್ಯದ ರಾಸಾಯನಿಕ ಪ್ರಯೋಗಶಾಲೆಗಳಲ್ಲಿದ್ದವರು. ಶಿಶುಗಳ ವಿಷಯವು ಅವರ ಕೆಲಸವಾಗಿರಲಿಲ್ಲ.

ಈ ವಿದ್ಯೆಯನ್ನು ತೊಟ್ಟಿಲಿನ ಬಳಿಗೆ ತಂದವರು ಮೇರಿ ಎಲೆನ್ ಏವರಿ. 1927ರಲ್ಲಿ ಹುಟ್ಟಿದ ಈಕೆ 1952ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಪದವಿಯನ್ನು ಪಡೆದ ಸ್ವಲ್ಪಕಾಲದಲ್ಲಿಯೇ ಕ್ಷಯರೋಗಕ್ಕೆ ತುತ್ತಾಗಿ ಹಾಸಿಗೆ ಹಿಡಿದರು. ಶ್ವಾಸಕೋಶದ ವಿಚಾರದಲ್ಲಿ ಆಸಕ್ತಿ ಕುದುರಿದುದು ಆಗಲೇ. 1957ರಲ್ಲಿ ಸಂಶೋಧನವೇತನದ ಮೇಲೆ ಬಾಸ್ಟನ್ನಿಗೆ ಹೋಗಿ, ಹಾರ್ವರ್ಡಿನಲ್ಲಿ ಜೆರೆ ಮೀಡ್ ಎಂಬ ಶರೀರಶಾಸ್ತ್ರಜ್ಞರ ಬಳಿ ಕೆಲಸಕ್ಕೆ ನಿಂತರು. ಕ್ಲೆಮೆಂಟ್ಸರನ್ನು ಕಂಡು ಅಳೆಯುವ ಸಾಧನದ ಮರ್ಮವನ್ನು ತಿಳಿದುಕೊಂಡರು. ಆಮೇಲೆ ಈ ರೋಗದಿಂದ ಸತ್ತ ಶಿಶುಗಳ ಮತ್ತು ಅನ್ಯಕಾರಣಗಳಿಂದ ಸತ್ತವರ ಶ್ವಾಸಕೋಶಗಳ ಸಾರವನ್ನು ಹೋಲಿಸಿದರು. ಮೊದಲನೆಯವುಗಳಲ್ಲಿ ಎಳೆತವು ತಗ್ಗಲೇ ಇಲ್ಲ. 1959ರಲ್ಲಿ ಇಬ್ಬರ ಹೆಸರಿನಲ್ಲಿ ಲೇಖನವು ಪ್ರಕಟವಾದಾಗ ಏವರಿಗೆ ಮೂವತ್ತೆರಡರ ಆಸುಪಾಸಿನ ಪ್ರಾಯ. ಮುಂದೆ 1961ರಿಂದ ಐದು ವರ್ಷ ಮಾರ್ಕಲ್ ಪ್ರತಿಷ್ಠಾನದ ವೇತನವೂ ಒದಗಿತು.

ಇಲ್ಲಿ ಗಮನಿಸತಕ್ಕುದು ಆ ಭೃತಿಯು ಕೊಟ್ಟ ವಸ್ತು. ಅದು ಹಣಕ್ಕಿಂತ ಮಿಗಿಲಾಗಿ ಕಾಲ. ತರುಣ ವೈದ್ಯನಿಗೆ ಹಗಲಿರುಳೂ ರೋಗಿಗಳ ಸೇವೆಯುಂಟು. ಉಸಿರಾಡಲಾರದ ಮಗುವು ಮುಂದಿರುವಾಗ ನೀರ್ಗುಳ್ಳೆಗಳ ಗಣಿತಕ್ಕೆ ಅವಕಾಶವೆಲ್ಲಿಯದು? ಆ ಸೇವೆಯಿಂದ ಎರಡು ವರ್ಷ ಬಿಡುವು ಕೊಟ್ಟು, ಫಲವು ಸಿಕ್ಕೀತೆಂಬ ಭರವಸೆಯನ್ನು ಕೇಳದೆ ಅನ್ನವಿಟ್ಟವರಿಂದಲೇ ಈ ಕೆಲಸವಾಯಿತು.

ಕಾರಣವು ತಿಳಿದೊಡನೆ ಔಷಧವು ಕೈಗೆ ಬರಲಿಲ್ಲ. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್, ಐದೂವರೆ ವಾರ ಮುಂಚೆ ಹುಟ್ಟಿ, ಇದೇ ರೋಗದಿಂದ 39 ಗಂಟೆಗಳಲ್ಲಿ ಬಾಸ್ಟನ್ನಿನಲ್ಲಿಯೇ ಅಸುನೀಗಿದನು. ರಾಷ್ಟ್ರಾಧಿಪತಿಯ ಐಶ್ವರ್ಯವೂ ಅಧಿಕಾರವೂ ಅಲ್ಲಿ ನಿಷ್ಪ್ರಯೋಜಕವಾದುವು. 1980ರಲ್ಲಿ ಜಪಾನಿನ ಫುಜಿವಾರಾ, ಹಸುವಿನ ಶ್ವಾಸಕೋಶದಿಂದ ತೆಗೆದ ದ್ರವ್ಯವನ್ನು ಹತ್ತು ಶಿಶುಗಳಿಗೆ ಕೊಟ್ಟು ಗುಣವನ್ನು ಕಂಡರು. ಅಮೆರಿಕದಲ್ಲಿ ಇಂತಹ ಔಷಧಕ್ಕೆ ಅನುಮತಿ ದೊರೆತುದು 1990ರಲ್ಲಿ.

ಈ ಮಧ್ಯೆ ಭೃತಿಯ ಮಾರ್ಗವು ಕಿರಿದಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯಸಂಸ್ಥೆಗಳಿಂದ ಮೊದಲ ಸ್ವತಂತ್ರ ಅನುದಾನವನ್ನು ಪಡೆಯುವವರ ಸರಾಸರಿ ವಯಸ್ಸು 1980ರ ಸುಮಾರಿಗೆ 36 ಇದ್ದುದು, ಎರಡೂವರೆ ದಶಕಗಳಲ್ಲಿ 42ರ ಆಸುಪಾಸಿಗೆ ಏರಿತು. ಇದಕ್ಕೆ ಪ್ರತೀಕಾರವಾಗಿ 2006ರಲ್ಲಿ, ಎರಡು ವರ್ಷ ಗುರುವಿನ ಬಳಿಯೂ ಮೂರು ವರ್ಷ ಸ್ವತಂತ್ರವಾಗಿಯೂ ದುಡಿಯಲು ನೆರವಾಗುವ ವೇತನವನ್ನು ಏರ್ಪಡಿಸಿದರು. ಭಾರತದಲ್ಲಿಯೂ ಜೈವತಂತ್ರಜ್ಞಾನ ಇಲಾಖೆ ಮತ್ತು ವೆಲ್‌ಕಮ್ ಟ್ರಸ್ಟುಗಳು 2008ರಲ್ಲಿ ಕೂಡಿ ತರುಣ ಸಂಶೋಧಕರಿಗೂ ವೈದ್ಯರಿಗೂ ವೇತನಗಳನ್ನು ಆರಂಭಿಸಿದುವು.

ಪರದೇಶದಲ್ಲಿ ಸಿದ್ಧವಾದ ಔಷಧವನ್ನು ತಂದರೆ ಸಾಲದೆ, ಇಲ್ಲಿ ಸಂಶೋಧಕರನ್ನು ಸಾಕುವುದೇತಕ್ಕೆಂದು ಕೇಳುವವರುಂಟು. ಇದಕ್ಕೆ ಬೆಳಗಾವಿಯೇ ಉತ್ತರ. ಅಕಾಲಪ್ರಸವದ ಭಯವಿರುವ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದನ್ನು ಕೊಟ್ಟರೆ ಗರ್ಭಸ್ಥ ಶಿಶುವಿನ ಶ್ವಾಸಕೋಶವು ಬೇಗನೆ ಪಕ್ವವಾಗುವುದೆಂದು ನ್ಯೂಜಿಲೆಂಡಿನ ಲಿಗಿನ್ಸ್, ಹೌವಿ ಎಂಬವರು 1972ರಲ್ಲಿ 282 ತಾಯಂದಿರ ಪರೀಕ್ಷೆಯಿಂದ ತೋರಿಸಿದ್ದರು. ಅದನ್ನೇ ಬೆಳಗಾವಿಯೂ ಸೇರಿದಂತೆ ಆರು ದೇಶಗಳ ಹಳ್ಳಿಪಳ್ಳಿಗಳಿಗೆ ಹಬ್ಬಿಸಿ ನೋಡಿದ 2015ರ ಪರೀಕ್ಷೆಯಲ್ಲಿ, ಸಣ್ಣ ಶಿಶುಗಳ ಮರಣವು ಇಳಿಯಲಿಲ್ಲ. ಒಟ್ಟು ಶಿಶುಗಳಲ್ಲಿ ಸಾವಿರಕ್ಕೆ 3.5ರಂತೆ ಮರಣವು ಏರಿತು! ಪುನಃ 2020ರಲ್ಲಿ, ಬೆಳಗಾವಿಯೂ ಭಾಗವಹಿಸಿದ್ದ ಐದು ದೇಶಗಳ ಆಸ್ಪತ್ರೆಗಳಲ್ಲಿ, ಅಲ್ಟ್ರಾಸೌಂಡಿನಿಂದ ಗರ್ಭದ ವಾರಗಳನ್ನು ನಿಷ್ಕರ್ಷಿಸಿ 2852 ತಾಯಂದಿರನ್ನು ಪರೀಕ್ಷಿಸಲಾಗಿ, ಮರಣವು ನೂರಕ್ಕೆ 23.5ರಿಂದ 19.6ಕ್ಕೆ ಇಳಿದುದು ಕಂಡಿತು. ಔಷಧವು ಒಂದೇ ವರ್ಗದ್ದು. ಗರ್ಭದ ವಾರಗಳ ಎಣಿಕೆ, ಸೋಂಕಿನ ಎಚ್ಚರ, ಹುಟ್ಟಿದ ಮೇಲಣ ಆರೈಕೆ ಇವು ಬೇರೆ. ಈ ಭೇದವು ಆಕ್ಲೆಂಡಿನಲ್ಲಿ ಕುಳಿತವರಿಗೆ ತಿಳಿಯತಕ್ಕುದಾಗಿರಲಿಲ್ಲ. ಹಳ್ಳಿಯ ಮನೆಗಳಿಗೆ ಹೋಗಿ ಒಂದೊಂದು ಜನನವನ್ನೂ ಮರಣವನ್ನೂ ಬರೆದಿಟ್ಟವರಿಂದ ತಿಳಿಯಿತು.